ಮನೋವಿಜ್ಞಾನಿ ಮೇಡಂಗೆ ಸಹಾಯಕಿಯಾಗಿ ವಿಶೇಷ ಮಕ್ಕಳ ಶಾಲೆಗೆ ಸೇರಲಾ? ಬೆಳಗಾವಿ ಕಡೆಯವರು ಹೇಳಿ

ಬಾದಾಮಿ ಬಿಸಿಲು

ಎಲ್ಲರಿಗೂ ನಮಸ್ಕಾರ. ನಮ್ಮೂರು ಬಾದಾಮಿ ಹತ್ತಿರ. ಹೋದ ವರ್ಷ ಬಿಎ ಮುಗಿಯಿತು. ಮನೋವಿಜ್ಞಾನ ಒಂದು ವಿಷಯವಾಗಿತ್ತು. ಬೆಳಗಾವಿಯ ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ಮನೋವಿಜ್ಞಾನಿ ಮೇಡಂಗೆ ಸಹಾಯಕಿ ಬೇಕು ಅಂತ ಗೊತ್ತಾಗಿ ಅರ್ಜಿ ಹಾಕಿದ್ದೆ. ಕರೆದು ಮಾತಾಡಿಸಿದರು. ಬರುತ್ತೇನೋ ಇಲ್ಲವೋ ಅಂತ ಸೋಮವಾರದೊಳಗೆ ಹೇಳಬೇಕು.

ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಅಪ್ಪ ಬ್ಯಾಂಕ್ ಪರೀಕ್ಷೆಗೆ ಓದು ಅಂತಾರೆ. ದೊಡ್ಡಮ್ಮ ಇನ್ನೊಂದು ಮಾತು ಹೇಳಿದರು, ಅದು ಮನಸ್ಸಿಗೆ ಚುಚ್ಚಿತು. "ಅಂಥಾ ಮಕ್ಕಳ ಜೋಡಿ ದಿನಾ ಇದ್ರ ನಾಳೆ ನಿನ್ನ ನೋಡಾಕ ಬಂದವ್ರು ಏನಂತಾರ?" ಅಂತ. ನನ್ನ ಸೋದರಮಾವನ ಮಗ ಒಬ್ಬನಿದ್ದಾನೆ, ಮಾತು ಬರುವುದಿಲ್ಲ. ಚಿಕ್ಕವಳಿದ್ದಾಗಿಂದ ಅವನ ಜೊತೆ ಆಡಿ ಬೆಳೆದವಳು ನಾನು. ಈ ಕೆಲಸದ ಮೇಲೆ ಮನಸ್ಸು ಹೋಗಿದ್ದೇ ಅವನಿಂದ.

ಕೇಳಬೇಕಾಗಿರುವುದು ಇಷ್ಟು. ಸಹಾಯಕಿ ಅಂದರೆ ದಿನಾ ಏನು ಮಾಡಬೇಕಾಗುತ್ತದೆ? ಸುಮ್ನೆ ಫೈಲು ಹೊರುವ ಕೆಲಸವಾ? ಬಿಎ ಮಾಡಿದವಳಿಗೆ ಇದರಲ್ಲಿ ಮುಂದೆ ದಾರಿ ಇದೆಯಾ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ತಿಲಕವಾಡಿ ಮಳೆ

ತಂಗಿ, ನಾನು ಇದೇ ಕೆಲಸದಲ್ಲಿ ಏಳು ವರ್ಷದಿಂದ ಇದ್ದೇನೆ, ಬೆಳಗಾವಿಯಲ್ಲೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಓದು.

ಫೈಲು ಹೊರುತ್ತೀಯ, ನಿಜ. ಆದರೆ ಆ ಫೈಲಿನ ಒಳಗೆ ಏನು ಇರಬೇಕು ಅನ್ನುವುದು ಬಹಳಷ್ಟು ನಿನ್ನ ಕೈಯಲ್ಲಿ ಇರುತ್ತದೆ.

ಬೆಳಿಗ್ಗೆ ಹೋದ ಕೂಡಲೇ ಕೋಣೆ ಸಿದ್ಧ ಮಾಡುವುದು. ರಸ್ತೆ ಕಡೆಯ ಕಿಟಕಿ ಮುಚ್ಚಬೇಕು. ಮಗುವಿನ ಪಾದ ನೆಲಕ್ಕೆ ತಾಗುವಂಥ ಕುರ್ಚಿ ಹಾಕಬೇಕು. ಪರೀಕ್ಷೆಯ ಸಾಮಾನು ಎಣಿಸಿ ಇಡಬೇಕು. ಸೆಗ್ವಿನ್ ಬೋರ್ಡ್ ಅಂತ ಒಂದಿದೆ, ಕಟ್ಟಿಗೆಯ ಹತ್ತು ಆಕಾರಗಳನ್ನು ಅದರದರ ಗುಳಿಯಲ್ಲಿ ಕೂರಿಸುವುದು. ಮೂರು ಸಲ ಮಾಡಿಸಿ, ಎಲ್ಲಕ್ಕಿಂತ ಕಡಿಮೆ ಸಮಯ ತೆಗೆದುಕೊಂಡ ಸಲವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ತುಂಡು ಕಳೆದರೆ ಆ ದಿನದ ಪರೀಕ್ಷೆಯೇ ಇಲ್ಲ. ಸ್ಟಾಪ್‌ವಾಚ್ ನಿನ್ನ ಕೈಯಲ್ಲಿ ಇರುತ್ತದೆ. ಮೇಡಂ ಮಗುವಿನ ಜೊತೆ ಇರುತ್ತಾರೆ, ನೀನು ಮೂಲೆಯಲ್ಲಿ ಕೂತು ಮಗು ಆಡಿದ ಮಾತು, ಮಾಡಿದ ಕೆಲಸ ಬರೆಯುತ್ತೀಯ. ಆಮೇಲೆ ಕೂಡಿದ ಅಂಕಗಳನ್ನು ಇನ್ನೊಂದು ಸಲ ಕೂಡಿ ನೋಡುವುದು.

ಇದೆಲ್ಲ ಎರಡು ತಿಂಗಳಲ್ಲಿ ಕೈಗೆ ಕೂರುತ್ತದೆ. ನನಗೆ ವರ್ಷಗಟ್ಟಲೆ ಹಿಡಿದದ್ದು ಬೇರೆ. ಮಗು ಹುಟ್ಟಿದ ದಿನ ಹುಡುಕುವುದು.

ನಮ್ಮ ಕಡೆ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ, ಗಮನಿಸಿದ್ದೀಯಾ? ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದಿದ್ದರೆ ಹಾಗೆ ಬರೆದುಬಿಡುತ್ತಾರೆ. ಬೇಗ ಸೇರಿಸಬೇಕು ಅಂತ ವಯಸ್ಸು ಒಂದು ವರ್ಷ ಏರಿಸಿರುವುದೂ ಉಂಟು. ಬೇರೆಯವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ನಮ್ಮ ಮಕ್ಕಳಿಗೆ ಇದೆ. ಬಿನೆ-ಕಾಮತ್ ಅಂತ ಒಂದು ಬುದ್ಧಿಶಕ್ತಿ ಪರೀಕ್ಷೆ ಇದೆ. ಅದರಲ್ಲಿ ಮಗುವಿನ ಮಾನಸಿಕ ವಯಸ್ಸನ್ನು, ಅಂದರೆ ಎಷ್ಟು ವರ್ಷದ ಮಕ್ಕಳ ಮಟ್ಟದಲ್ಲಿ ಉತ್ತರಿಸಿತು ಅನ್ನುವುದನ್ನು, ಅದರ ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿ ಐಕ್ಯೂ ಅಂಕ ತೆಗೆಯುತ್ತಾರೆ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗನ ಮಾನಸಿಕ ವಯಸ್ಸು 6 ಬಂತು. ದಾಖಲೆಯಲ್ಲಿದ್ದ ವಯಸ್ಸು 9 ಹಿಡಿದರೆ ಅಂಕ 67. ಅವನಿಗೆ ನಿಜವಾಗಿ ಆಗಿದ್ದ 8 ವರ್ಷ ಹಿಡಿದರೆ ಅಂಕ 75. ನಡುವೆ 70ರ ಗೆರೆ ಇದೆ. ಗೆರೆಯ ಕೆಳಗೆ ಬಿದ್ದರೆ ಬೌದ್ಧಿಕ ವೈಕಲ್ಯದ ಕಡೆಗೆ ಬೆರಳು ತೋರಿಸುತ್ತದೆ, ಮೇಲೆ ಬಿದ್ದರೆ ಇಲ್ಲ. ಮಗು ಅದೇ, ಉತ್ತರಗಳೂ ಅವೇ. ಹೆಡ್‌ಮಾಸ್ತರು ಎಂದೋ ಬರೆದ ಒಂದು ತಾರೀಖು ಇಷ್ಟು ಮಾಡುತ್ತದೆ.

ಅದಕ್ಕೇ ನಾನು ತಾಯಿ ಕಾರ್ಡ್ ಕೇಳುತ್ತೇನೆ. ಇಲ್ಲದಿದ್ದರೆ ಅಂಗನವಾಡಿ ಅಕ್ಕನ ದಾಖಲೆ. ಅದೂ ಇಲ್ಲದಿದ್ದರೆ ತಾಯಿಯ ಜೊತೆ ಕೂತು ನೆನಪು ಕೆದಕುವುದು. ಕಾರ ಹುಣ್ಣಿಮೆ ಮುಂದೆ ಇತ್ತೋ ಹಿಂದೆ ಇತ್ತೋ? ಯಲ್ಲಮ್ಮನ ಜಾತ್ರೆಗೆ ಹೋದಾಗ ಹೊಟ್ಟೆಯಲ್ಲಿದ್ದನಾ, ಕಂಕುಳಲ್ಲಿದ್ದನಾ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯವರಾದರೆ ಒಂದು ಗಟ್ಟಿ ಗುರುತಿದೆ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದದ್ದನ್ನು ಯಾವ ತಾಯಿಯೂ ಮರೆತಿಲ್ಲ. ದೊಡ್ಡ ಮಕ್ಕಳಿಗೆ 2009ರ ನೆರೆ.

ಎರಡನೆಯದು, ಕಿವಿ ಮತ್ತು ಕಣ್ಣು. ರಾಯಬಾಗ ಕಡೆಯ ಒಬ್ಬ ಹುಡುಗ ಬಂದಿದ್ದ. ಶಾಲೆಯವರು "ಏನು ಹೇಳಿದರೂ ತಲೆಗೆ ಹೋಗಲ್ಲ" ಅಂತ ಚೀಟಿ ಬರೆದಿದ್ದರು. ನಾನು ಮನೆಯ ವಿವರ ಬರೆದುಕೊಳ್ಳುವಾಗ ಅವನ ಅಜ್ಜಿ ಹಾಗೇ ಮಾತಿನ ನಡುವೆ ಹೇಳಿದರು, "ಮಳಿಗಾಲದಾಗ ಕಿವಿ ಸೋರತಾವ್ರಿ." ಆ ಒಂದು ಸಾಲಿಗೆ ಕೆಂಪು ಗೆರೆ ಎಳೆದು ಮೇಡಂ ಮುಂದೆ ಇಟ್ಟೆ. ಅವರು ಪರೀಕ್ಷೆ ನಿಲ್ಲಿಸಿ ಮೊದಲು ಕಿವಿ ತೋರಿಸಿಕೊಂಡು ಬನ್ನಿ ಅಂದರು. ಎರಡೂ ಕಿವಿಯಲ್ಲಿ ತೊಂದರೆ ಇತ್ತು. ಚಿಕಿತ್ಸೆ ಆಗಿ ನಾಲ್ಕು ತಿಂಗಳಿಗೆ ಮತ್ತೆ ಬಂದಾಗ ಅವನು ಬೇರೆ ಹುಡುಗನೇ ಆಗಿದ್ದ.

ಸಂಬಳ ಕಡಿಮೆ. ನಾನು ಸೇರಿದಾಗ ತಿಂಗಳಿಗೆ 9 ಸಾವಿರ ಇತ್ತು. ಶಾಹಾಪುರದಲ್ಲಿ ಇಬ್ಬರು ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದೆ, ಕಷ್ಟ ಆಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಇಂಡಿ ನಿಂಬೆ

ನಾನು ವಿಜಯಪುರ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ಮೇಲೆ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ.

ನನ್ನದೊಂದು ಅಳಲು. ನಮ್ಮ ಶಾಲೆಗೆ ತಾಂಡಾದ ಮಕ್ಕಳು ಬರುತ್ತಾರೆ. ದೀಪಾವಳಿ ಆದ ಮೇಲೆ ತಂದೆ ತಾಯಿ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೋಗಿಬಿಡುತ್ತಾರೆ. ಮಕ್ಕಳೂ ಜೊತೆಗೆ. ಯುಗಾದಿ ಹೊತ್ತಿಗೆ ವಾಪಸ್ ಬಂದ ಮಗುವಿಗೆ ಕಾಗುಣಿತ ಮರೆತಿರುತ್ತದೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ನಾಲ್ಕು ತಿಂಗಳು ಗದ್ದೆಯಲ್ಲಿ ಮರಾಠಿ. ಒಮ್ಮೆ ತಪಾಸಣೆಗೆ ಬಂದವರು ಇಂಥ ಮೂವರು ಮಕ್ಕಳ ಹೆಸರನ್ನು "ನಿಧಾನ ಕಲಿಕೆ" ಅಂತ ಪಟ್ಟಿಗೆ ಸೇರಿಸಿಕೊಂಡು ಹೋದರು. ಕನ್ನಡದಲ್ಲೇ ಕೇಳಿದರು, ಮಕ್ಕಳು ನೆಲ ನೋಡುತ್ತಾ ನಿಂತವು, ಅಷ್ಟೇ. ಆ ಮೂವರಲ್ಲಿ ಒಬ್ಬಳು ಅಂಗಡಿಗೆ ಕಳಿಸಿದರೆ ಚಿಲ್ಲರೆ ಲೆಕ್ಕ ನನಗಿಂತ ಬೇಗ ಹೇಳುತ್ತಾಳೆ.

ಭಾಷೆಯ ವಿಷಯದಲ್ಲಿ ಸಹಾಯಕರು ಏನು ಮಾಡಬಹುದು, ದಯವಿಟ್ಟು ಹೇಳಿ.

ತಿಲಕವಾಡಿ ಮಳೆ

ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಬೆಳಗಾವಿಯಲ್ಲಿ ನಮಗೆ ಇದು ದಿನದ ಮಾತು. ಖಾನಾಪುರ ಕಡೆಯಿಂದ ಬರುವ ಮಗು ಮನೆಯಲ್ಲಿ ಮರಾಠಿ ಆಡುತ್ತದೆ. ಊರಿನ ಕ್ಯಾಂಪ್ ಪ್ರದೇಶದ ಮಗು ಉರ್ದು. ಶಾಲೆಯ ಬೋರ್ಡಿನ ಮೇಲೆ ಯಾವ ಮಾಧ್ಯಮ ಅಂತ ಬರೆದಿದೆಯೋ ಅದನ್ನು ನಾನು ನಂಬುವುದಿಲ್ಲ. "ಅವ್ವನ ಜೋಡಿ ಜಗಳ ಮಾಡುವಾಗ ಯಾವ ಭಾಷೆಯಲ್ಲಿ ಮಾತಾಡ್ತಾನೆ?" ಅಂತ ಕೇಳುತ್ತೇನೆ. ಅದೇ ಮಗುವಿನ ಭಾಷೆ.

ಕಾಮತ್ ಪರೀಕ್ಷೆ ನಮ್ಮ ಭಾಗಕ್ಕೆ ಹೊರಗಿನದಲ್ಲ ಅನ್ನುವುದು ಕೆಲವರಿಗೆ ಗೊತ್ತಿಲ್ಲ. ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಆಗಿನ ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ ಸಿದ್ಧ ಮಾಡಿದರು. ಎರಡು ಭಾಷೆಯ ಮಕ್ಕಳು ಇಲ್ಲಿ ಇದ್ದಾರೆ ಅಂತ ಆಗಲೇ ಅರಿತಿದ್ದರು. ಈಗ ನಾವು ಅದನ್ನು ಮರೆತು ಒಂದೇ ಭಾಷೆಯಲ್ಲಿ ಕೇಳಿದರೆ ಹೇಗೆ? ಲಂಬಾಣಿ ಮಕ್ಕಳಿಗೆ ಅದೂ ಸಾಲದು. ಅಂಥವರಿಗೆ ನಮ್ಮ ಮೇಡಂ ಮಾತು ಕಡಿಮೆ ಬೇಕಾಗುವ ಪರೀಕ್ಷೆಗಳನ್ನು ಮೊದಲು ತೆಗೆದುಕೊಳ್ಳುತ್ತಾರೆ. ಸೆಗ್ವಿನ್ ಬೋರ್ಡ್, ಬಣ್ಣದ ರಾವೆನ್ ಆಕೃತಿಗಳು, ಅಂದರೆ ಚಿತ್ರದಲ್ಲಿ ಬಿಟ್ಟುಹೋದ ತುಂಡು ಯಾವುದು ಅಂತ ಬೆರಳಿಟ್ಟು ತೋರಿಸುವುದು. ತಾಂಡಾದಿಂದ ಓದಿದ ಹುಡುಗಿಯೊಬ್ಬಳನ್ನು ಜೊತೆಗೆ ಕರೆಸಿಕೊಳ್ಳುತ್ತೇವೆ.

ಕನ್ನಡದೊಳಗೂ ಜಾಗ್ರತೆ ಬೇಕು ಸರ್. ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳಬಾರದು, ಬೇರೆ ಉದಾಹರಣೆ ಕೊಡುತ್ತೇನೆ. "ಈರುಳ್ಳಿ" ಅಂದರೆ ನಮ್ಮ ಹಳ್ಳಿ ಮಗು ಸುಮ್ಮನಿರುತ್ತದೆ, "ಉಳ್ಳಾಗಡ್ಡಿ" ಅಂದರೆ ಮುಖ ಅರಳುತ್ತದೆ. "ಮೆಟ್ಟಿಲು" ಗೊತ್ತಿಲ್ಲ, "ಪಾವಟಗಿ" ಗೊತ್ತು. ಬರವಣಿಗೆಯಲ್ಲೂ ಹಾಗೇ. "ಹೋಗುತ್ತಾನೆ" ಬರೆಯಬೇಕಾದ ಕಡೆ ಮಗು "ಹೊಕ್ಕಾನ" ಅಂತ ಬರೆದರೆ ಅದು ಕಲಿಕಾ ನ್ಯೂನತೆ ಅಲ್ಲ. ಮನೆಯಲ್ಲಿ ಆಡಿದ್ದನ್ನು ಬರೆದಿದೆ. ಒತ್ತಕ್ಷರ ಪ್ರತಿ ಸಲ ಬಿಡುವುದು, ದೀರ್ಘ ಎಳೆಯದಿರುವುದು, ತಾನೇ ಬರೆದದ್ದನ್ನು ಓದಲು ಆಗದಿರುವುದು, ಇವು ಬೇರೆ ಜಾತಿಯ ತಪ್ಪುಗಳು. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದು ಕೊಡುವುದು ಸಹಾಯಕಿಯ ಕೆಲಸ.

ಆ ಮೂವರ ಹೆಸರು ಇನ್ನೂ ಪಟ್ಟಿಯಲ್ಲಿ ಇದ್ದರೆ ಬಿಡಬೇಡಿ. ಮತ್ತೆ ನೋಡಿ ಅಂತ ಬರೆದು ಕೊಡಿ. ಮಗು ಎಷ್ಟು ತಿಂಗಳು ಶಾಲೆಗೆ ಬಂದಿತ್ತು ಅಂತ ಹಾಜರಿ ಪುಸ್ತಕದಿಂದ ತೆಗೆದು ಜೊತೆಗೆ ಇಡಿ.

ಬೈಲಹೊಂಗಲದ ಅವ್ವ

ನಾನು ಓದಿದವಳಲ್ಲ, ಹತ್ತನೇ ತನಕ ಅಷ್ಟೇ. ಮಗನಿಗೆ 11 ವರ್ಷ. ಬೌದ್ಧಿಕ ವೈಕಲ್ಯ ಅಂತ ಪತ್ರ ಇದೆ. ಇಲ್ಲಿ ಎಲ್ಲರೂ ಪರೀಕ್ಷೆ ಮಾಡುವವರ ಕಡೆಯಿಂದ ಬರೆದಿದ್ದೀರಿ. ಮಾಡಿಸಿಕೊಂಡವರ ಕಡೆಯಿಂದ ನಾಲ್ಕು ಮಾತು.

ಮೊದಲ ಸಲ ಒಂದು ಕ್ಯಾಂಪಿಗೆ ಹೋಗಿದ್ದೆವು. ಬಿಸಿಲಲ್ಲಿ ಮೂರು ತಾಸು ಸಾಲು. ಮಗ ಹಸಿದು ಅಳುತ್ತಿದ್ದ. ಒಳಗೆ ಹೋದರೆ ಐದು ನಿಮಿಷ. ಅಲ್ಲಿ ಕೂತಿದ್ದ ಹುಡುಗಿ ಅವನ ಹೆಸರು ಕೇಳಲಿಲ್ಲ. "ಎಂಆರ್ ಕೇಸ್, ಮುಂದಿನವರು" ಅಂತ ಕೂಗಿದಳು. ಎಂಆರ್ ಅಂದರೆ ಬುದ್ಧಿಮಾಂದ್ಯ ಅಂತ. ನಾನು ಬಸ್ಸಿನಲ್ಲಿ ಊರು ಮುಟ್ಟುವ ತನಕ ಅತ್ತೆ.

ಎರಡನೇ ಸಲ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದಾಗ ಸಾವಕಾಶವಾಗಿ ನೋಡಿದರು. ಮಗ ಮನೆಯಲ್ಲಿ ಏನೇನು ಮಾಡುತ್ತಾನೆ ಅಂತ ಒಂದೊಂದಾಗಿ ಕೇಳಿದರು. ತಾನೇ ಉಣ್ಣುತ್ತಾನಾ, ಅಂಗಿ ಗುಂಡಿ ಹಾಕುತ್ತಾನಾ, ಒಬ್ಬನೇ ಓಣಿ ದಾಟುತ್ತಾನಾ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಎಲ್ಲದಕ್ಕೂ ಅವರೇ "ಮಾಡ್ತಾನ್ರಿ, ಮಾಡ್ತಾನ್ರಿ" ಅಂದರು. ಮೊಮ್ಮಗನ ಬಗ್ಗೆ ಕಡಿಮೆ ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ನಿಜ ಏನಂದರೆ ಎಲ್ಲವನ್ನೂ ನಾನೇ ಮಾಡಿಸುತ್ತಿದ್ದೆ. ಅಲ್ಲಿದ್ದ ಸಹಾಯಕಿ ತಂಗಿ ಅದನ್ನು ಹೇಗೆ ತಿಳಿದುಕೊಂಡಳೋ ಗೊತ್ತಿಲ್ಲ. ಅತ್ತೆಯವರನ್ನು ಚಹಾ ಕುಡಿಯಲು ಕರೆದುಕೊಂಡು ಹೋದಳು. ಆಮೇಲೆ ನನ್ನೊಬ್ಬಳನ್ನೇ ಮತ್ತೆ ಕೇಳಿದರು. ಆ ಹುಡುಗಿಯ ಮುಖ ಇವತ್ತಿಗೂ ನೆನಪಿದೆ.

ತಿಲಕವಾಡಿ ಅಕ್ಕಾ, ನಿಮಗೆ ಒಂದು ಪ್ರಶ್ನೆ. ಸಿಟ್ಟಿನಿಂದ ಕೇಳುತ್ತಿಲ್ಲ. ನೀವು ನಿಜವಾದ ವಯಸ್ಸು ಹುಡುಕಿ 67 ಇದ್ದದ್ದು 75 ಆಯಿತು ಅಂದಿರಿ. ಆ ಮಗುವಿಗೆ ಪತ್ರ ಸಿಗಲಿಲ್ಲ ಅಲ್ವಾ? ಬಸ್ ಪಾಸ್ ಇಲ್ಲ, ಮಾಸಾಶನ ಇಲ್ಲ. ಅವನ ತಾಯಿಗೆ ನೀವು ಒಳ್ಳೆಯದು ಮಾಡಿದಿರಾ?

ತಿಲಕವಾಡಿ ಮಳೆ

ಅವ್ವಾ, ನಿಮ್ಮ ಪ್ರಶ್ನೆ ಓದಿ ರಾತ್ರಿ ಬಹಳ ಹೊತ್ತು ಯೋಚನೆ ಮಾಡಿದೆ. ಅದಕ್ಕೇ ಉತ್ತರ ತಡವಾಯಿತು.

ಹೌದು. ಅಂಥ ಮಕ್ಕಳಿಗೆ ಪತ್ರ ಸಿಗುವುದು ಕಷ್ಟ. 2018ರ ಜನವರಿಯ ಕೇಂದ್ರ ಮಾರ್ಗಸೂಚಿಯಲ್ಲಿ, ನಿಮ್ಮ ಮಗನಿಗೆ ಕೇಳಿದಂಥ ಪ್ರಶ್ನೆಗಳ ಮಾಪಕ, ನಾವು ವಿಎಸ್‌ಎಂಎಸ್ ಅನ್ನುತ್ತೇವೆ, ಅದರಲ್ಲಿ 55ರಿಂದ 69 ಬಂದರೆ ಶೇ 50 ವೈಕಲ್ಯ ಅಂತ ಇತ್ತು. 70ರಿಂದ 84 ಬಂದರೆ ಶೇ 25. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಬೇಕು. ಈ ನಡುವಿನ ಮಕ್ಕಳು ಎರಡೂ ಕಡೆ ಸಲ್ಲದೆ ಉಳಿಯುತ್ತಾರೆ. ತರಗತಿಯಲ್ಲಿ ಹಿಂದೆ, ಪತ್ರದ ಸಾಲಿನಲ್ಲಿ ಹೊರಗೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಈ ಮಕ್ಕಳೇ.

ಆದರೂ ತಪ್ಪು ವಯಸ್ಸಿನ ಮೇಲೆ ಬಂದ ಸಂಖ್ಯೆಯನ್ನು ನಾನು ಹಾಗೇ ಬಿಡಲಾರೆ. ಆ ಹಾಳೆ ಮಗುವಿನ ಹಿಂದೆ ವರ್ಷಗಟ್ಟಲೆ ಹೋಗುತ್ತದೆ. "ಇವನಿಗೆ ಆಗಲ್ಲ" ಅಂತ ಮಾಸ್ತರರು ಹಿಂದಿನ ಬೆಂಚಿಗೆ ಕಳಿಸಲು ಆ ಹಾಳೆಯೇ ಸಾಕು. ಇದು ಎರಡೂ ಕಡೆಗೆ ಅನ್ವಯಿಸುತ್ತದೆ. ಮಾಸಾಶನ ಸಿಗಲಿ ಅಂತ ಮನೆಯವರು ಮಗು ಏನೂ ಮಾಡುವುದಿಲ್ಲ ಅಂತ ಹೇಳಿಸಿದ್ದನ್ನೂ ನೋಡಿದ್ದೇನೆ. ನಿಮ್ಮ ಅತ್ತೆಯವರ ಹಾಗೆ ಪ್ರೀತಿಯಿಂದ ಎಲ್ಲ ಮಾಡುತ್ತಾನೆ ಅಂದದ್ದನ್ನೂ ನೋಡಿದ್ದೇನೆ. ಎರಡರಲ್ಲೂ ಮಗು ಮರೆಯಾಗುತ್ತದೆ.

ಆ 75ರ ಹುಡುಗನ ತಾಯಿಗೆ ನಾನು ಏನು ಮಾಡಿದೆ ಅಂದರೆ, ಮೇಡಂ ಅನುಮತಿ ತೆಗೆದುಕೊಂಡು ಅವನ ಶಾಲೆಗೆ ಎರಡು ಸಲ ಹೋದೆ. ಓದಿನಲ್ಲಿ ಎಲ್ಲಿ ನಿಂತಿದ್ದಾನೆ ಅಂತ ತೋರಿಸಿದೆ. ಅವನ ತರಗತಿಯ ಟೀಚರು ಒಪ್ಪಿಕೊಂಡು ದಿನಾ ಅರ್ಧ ತಾಸು ಕೂರಿಸಿಕೊಂಡರು. ಇದು ಪತ್ರಕ್ಕೆ ಸಮ ಅಲ್ಲ. ಬಸ್ ಪಾಸ್ ಕೊಡಿಸಲು ನನ್ನಿಂದ ಆಗಲಿಲ್ಲ.

ಆ ಕ್ಯಾಂಪಿನಲ್ಲಿ ನಿಮಗೆ ಆದದ್ದಕ್ಕೆ, ಆ ಹುಡುಗಿ ಯಾರೋ ಏನೋ, ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಬೈಲಹೊಂಗಲದ ಅವ್ವ

ಹೀಗೆ ಬರೆದಿರಲ್ಲ, ಸಾಕು ಅಕ್ಕಾ. ನನ್ನ ಮಗ ಈಗ ಅಂಗಿ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಮೇಲಿನ ಒಂದನ್ನು ಬಿಟ್ಟು.

ಮಲಪ್ರಭಾ ದಂಡೆ

ನಾನು ಬಿಐಇಆರ್‌ಟಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕ. ಬಿಆರ್‌ಸಿಯಲ್ಲಿ ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಕೂರುತ್ತೇವೆ, ಆದರೆ ಕೂರುವುದು ಕಡಿಮೆ. ಶಾಲೆಗಳು, ಶಾಲಾ ಸಿದ್ಧತಾ ಕೇಂದ್ರ, ಶಾಲೆಗೆ ಬರಲಾಗದ ಮಕ್ಕಳ ಮನೆ, ಹೀಗೆ ಬೈಕ್ ಮೇಲೆ ತಿರುಗಾಟ.

ಪರೀಕ್ಷೆ ಮಾಡುವವರ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಮಾತು ಹೇಳಲೇಬೇಕು. ನನ್ನ ಕಪಾಟಿನಲ್ಲಿ ವರದಿಗಳ ರಾಶಿ ಇದೆ. ಎಲ್ಲ ಇಂಗ್ಲಿಷಿನಲ್ಲಿ. ಕೊನೆಯ ಸಾಲು ಪ್ರತಿಯೊಂದರಲ್ಲೂ ಒಂದೇ, ವಿಶೇಷ ಶಿಕ್ಷಣ ಕೊಡಿ ಅಂತ. ಯಾರು ಕೊಡಬೇಕು? ಹೇಗೆ? ಹಳ್ಳಿ ಶಾಲೆಯ ಟೀಚರಿಗೆ ಆ ಕಾಗದದಿಂದ ಒಂದು ದಿನದ ಪಾಠವೂ ಹುಟ್ಟುವುದಿಲ್ಲ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ಅಂತ ಹೇಳಿತು. ನನ್ನ ಪಾಲಿಗೆ ಎಷ್ಟು ಹಳ್ಳಿ ಬರುತ್ತವೆ ಅಂತ ಹೇಳಿದರೆ ನಿಮಗೆ ನಂಬಿಕೆ ಬರುವುದಿಲ್ಲ.

ಹಾಗಾಗಿ ಹೊಸದಾಗಿ ಸೇರುವ ತಂಗಿಗೆ ನನ್ನದೊಂದು ಬೇಡಿಕೆ. ಪ್ರತಿ ವರದಿಯ ಜೊತೆ ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸು. ಟೀಚರಿಗೆ ಒಂದು, ಮನೆಯವರಿಗೆ ಒಂದು.

ತಿಲಕವಾಡಿ ಮಳೆ

ಸರ್, ಈ ಮಾತನ್ನು ಎರಡು ವರ್ಷದ ಹಿಂದೆ ನಿಮ್ಮಂಥವರೇ ಒಬ್ಬರು ನಮ್ಮ ಕೋಣೆಗೆ ಬಂದು ಹೇಳಿದ್ದರು. ಅಂದಿನಿಂದ ನಾನು ಆ ಒಂದು ಪುಟ ಬರೆಯುತ್ತೇನೆ. ಮೇಡಂ ಓದಿ ಸಹಿ ಹಾಕುತ್ತಾರೆ.

ಒಂದು ಪುಟದ ಮಾದರಿ ಹೇಳುತ್ತೇನೆ, ತಂಗಿಗೂ ಉಪಯೋಗ ಆಗುತ್ತದೆ. ಆಟಿಸಂ ಇರುವ ಒಬ್ಬ ಹುಡುಗ, ಸಾಮಾನ್ಯ ಶಾಲೆಯಲ್ಲಿ ಎರಡನೇ ತರಗತಿ. ಬೆಳಿಗ್ಗೆ ಚೆನ್ನಾಗಿ ಇರುತ್ತಾನೆ, ಊಟಕ್ಕೆ ಮುಂಚೆ ಹಠಾತ್ ಕಿವಿ ಮುಚ್ಚಿಕೊಂಡು ತಲೆ ಚಚ್ಚಿಕೊಳ್ಳುತ್ತಾನೆ ಅಂತ ದೂರು. ನಾನು ಮೂರು ದಿನ ಹಿಂದಿನ ಬೆಂಚಲ್ಲಿ ಕೂತು ಬರೆದೆ. ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಮೂರು ಕಾಲಂ ಅಷ್ಟೇ. ಮೂರೂ ದಿನ ಬಿಸಿಯೂಟದ ಕೋಣೆಯಿಂದ ಕುಕ್ಕರ್ ಸೀಟಿ ಬಂದ ಕ್ಷಣಕ್ಕೇ ಶುರುವಾಯಿತು. ಟೀಚರು ಪಾಠದಲ್ಲಿ ಮುಳುಗಿರುತ್ತಾರೆ, ಅವರಿಗೆ ಆ ಸೀಟಿ ಕೇಳಿಸುವುದೇ ಇಲ್ಲ.

ಪುಟದಲ್ಲಿ ಬರೆದದ್ದು ಹೀಗೆ. ಅಡುಗೆ ಕೋಣೆಯಿಂದ ದೂರದ ಗೋಡೆಗೆ ಕೂರಿಸಿ. ಅಡುಗೆಯ ಅಕ್ಕ ಕುಕ್ಕರ್ ಇಡುವ ಮುಂಚೆ ಹೇಳಿ ಕಳಿಸಲಿ, ಆ ಹೊತ್ತು ಅವನನ್ನು ಗಿಡಗಳಿಗೆ ನೀರು ಹಾಕಲು ಹೊರಗೆ ಕಳಿಸಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಬೇಡ. ಇಷ್ಟೇ. ತಲೆ ಚಚ್ಚಿಕೊಳ್ಳುವುದು ಪೂರ್ತಿ ನಿಲ್ಲಲಿಲ್ಲ, ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು.

ಬಾದಾಮಿ ಬಿಸಿಲು

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಮೊಬೈಲಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಬೈಲಹೊಂಗಲದ ಅವ್ವನ ಮಾತನ್ನು ಇನ್ನೊಮ್ಮೆ ಓದು ಅಂದರು.

ಕಾನೂನಿನ ವಿಷಯ ಗೊತ್ತಿದ್ದವರು ಹೇಳಿ. ನಾನು ಪರೀಕ್ಷೆ ಮಾಡಬಹುದಾ? ಮುಂದೆ ಏನು ಓದಬೇಕು?

ಗುಮ್ಮಟದ ಊರು

ನಾನು ವಿಜಯಪುರದಲ್ಲಿ ಪುನರ್ವಸತಿ ಮನೋವಿಜ್ಞಾನಿ. ನನ್ನ ಕೈಕೆಳಗೆ ಮೂವರು ಸಹಾಯಕಿಯರು ಕಲಿತು ಹೋಗಿದ್ದಾರೆ.

ನೀವಾಗಿಯೇ ಪರೀಕ್ಷೆ ಮಾಡಿ ವರದಿ ಬರೆದು ಸಹಿ ಹಾಕುವ ಹಾಗಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ಕಾಯ್ದೆ 1992ರದು. ಅದರ 13ನೇ ಕಲಮಿನ ಪ್ರಕಾರ ಪರಿಷತ್ತಿನಲ್ಲಿ ನೋಂದಣಿ ಇಲ್ಲದವರು ಈ ವೃತ್ತಿ ಮಾಡುವಂತಿಲ್ಲ. ನೀವು ಸಾಮಾನು ಕೊಡಬಹುದು, ಸಮಯ ಹಿಡಿಯಬಹುದು, ಮನೆಯ ವಿವರ ಬರೆದುಕೊಳ್ಳಬಹುದು, ಮಗುವನ್ನು ಗಮನಿಸಬಹುದು. ಅರ್ಥ ಹೇಳುವುದು, ಸಹಿ ಹಾಕುವುದು ನಿಮ್ಮ ಮೇಡಂ ಕೆಲಸ. "ಮೇಡಂ ಇಲ್ಲ, ನೀನೇ ಮಾಡಿಬಿಡು" ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಮುಂದೆ ಓದಲು ಎರಡು ದಾರಿ ಇವೆ. ಕಲಿಸುವುದು ಇಷ್ಟವಾದರೆ ವಿಶೇಷ ಶಿಕ್ಷಣದಲ್ಲಿ ಡಿಎಡ್ ಅಥವಾ ಬಿಎಡ್, ಅದು ಪರಿಷತ್ತಿನ ಮಾನ್ಯತೆ ಇರುವ ಕಾಲೇಜಿನದೇ ಆಗಿರಬೇಕು. ಪರೀಕ್ಷೆ, ಸಮಾಲೋಚನೆ ಇಷ್ಟವಾದರೆ ಮನೋವಿಜ್ಞಾನದಲ್ಲಿ ಎಂಎ ಮಾಡಿ, ಆಮೇಲೆ ಪರಿಷತ್ತು ಒಪ್ಪಿದ ಕೋರ್ಸು. ಸೇರುವ ಮುಂಚೆ ಮಾನ್ಯತೆ ಈಗ ಇದೆಯಾ ಅಂತ ಪರಿಷತ್ತಿನ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ. ಏಜೆಂಟರ ಮಾತು ನಂಬಿ ದುಡ್ಡು ಕಳೆದುಕೊಂಡವರು ನನಗೆ ಗೊತ್ತಿದ್ದಾರೆ.

ಪರೀಕ್ಷೆ ನಡೆಯುವಾಗ ಮಗು ಸರಿ ಉತ್ತರ ಕೊಟ್ಟರೆ ಮುಖ ಅರಳಿಸಬೇಡಿ, ತಪ್ಪು ಮಾಡಿದರೆ ಬಾಡಿಸಬೇಡಿ. ಮಕ್ಕಳು ನಮ್ಮ ಮುಖವನ್ನೇ ಓದುತ್ತಾರೆ. ಮಗು ಹೇಳಿದ ಮಾತನ್ನು ಅದು ಹೇಳಿದ ಹಾಗೇ ಬರೆಯಿರಿ, ತಿದ್ದಿ ಬರೆಯಬೇಡಿ. ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಯಾವ ಕಾರಣಕ್ಕೂ ಬೇಡ. ಬೆಳಗಾವಿ ದೊಡ್ಡ ಊರಲ್ಲ. ಖಡೇಬಜಾರದಲ್ಲಿ ಯಾರೋ ಸಿಕ್ಕು "ಆ ಪಾಟೀಲರ ಹುಡುಗನಿಗೆ ಏನಂತೆ?" ಅಂತ ಕೇಳಿದರೆ ನಿಮಗೆ ಏನೂ ಗೊತ್ತಿಲ್ಲ.

ಇನ್ನೊಂದು ವಿಷಯ, ಇದು ಎಲ್ಲಕ್ಕಿಂತ ಗಂಭೀರ. ವಿಶೇಷ ಮಕ್ಕಳ ಮೇಲೆ ಕೆಟ್ಟದ್ದು ನಡೆದರೆ ಅವರು ಹೇಳಿಕೊಳ್ಳುವುದು ಕಷ್ಟ. ಮಗು ಗೊಂಬೆ ಆಡಿಸುವಾಗಲೋ ಬಟ್ಟೆ ಬದಲಿಸುವಾಗಲೋ ನಿಮಗೆ ಏನಾದರೂ ಕಂಡರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಮೇಡಂಗೆ ಆ ಕ್ಷಣವೇ ಹೇಳಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಹೆಸರು ಕೆಡುತ್ತದೆ ಅಂತ ಯಾರಾದರೂ ತಡೆದರೂ ನಿಮ್ಮ ಜವಾಬ್ದಾರಿ ತಪ್ಪುವುದಿಲ್ಲ. ಮಕ್ಕಳ ಸಹಾಯವಾಣಿ 1098 ಇದೆ.

ಇಂಡಿ ನಿಂಬೆ

ಆ ಮೂವರು ಮಕ್ಕಳ ಹಾಜರಿ ತೆಗೆದೆ. ಹೋದ ವರ್ಷ ಒಬ್ಬಳು ಶಾಲೆಗೆ ಬಂದದ್ದು ಬರೀ 71 ದಿನ. ಪತ್ರ ಬರೆದು ಬಿಆರ್‌ಸಿಗೆ ಕೊಟ್ಟು ಬಂದಿದ್ದೇನೆ.

ಬಾದಾಮಿ ಬಿಸಿಲು

ಒಂದು ತಿಂಗಳಾಯಿತು, ಬರೆಯಲು ಆಗಿರಲಿಲ್ಲ. ಸೇರಿದೆ. ವಡಗಾವಿಯಲ್ಲಿ ಕೋಣೆ ಸಿಕ್ಕಿತು. ಅಪ್ಪನೇ ಬಂದು ಬಿಟ್ಟು ಹೋದರು. ದೊಡ್ಡಮ್ಮ ಇನ್ನೂ ಮಾತಾಡುತ್ತಿಲ್ಲ.

ಮೊದಲ ವಾರ ಬರೀ ಸಾಮಾನು ಒರೆಸಿ ಎಣಿಸಿದೆ. ಎರಡನೇ ವಾರ ಮನೆಯ ವಿವರ ಬರೆದುಕೊಳ್ಳಲು ಬಿಟ್ಟರು. ಮೊನ್ನೆ ರಬಕವಿ ಕಡೆಯಿಂದ ನೇಕಾರರ ಮನೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ 1-6-2018. ನನಗೆ ತಿಲಕವಾಡಿ ಅಕ್ಕನ ಮಾತು ನೆನಪಾಯಿತು. ಜೂನ್ ಒಂದು! "ಹೊಳಿ ಬಂದಾಗ ಇವ ಎಷ್ಟ ದೊಡ್ಡಾವ ಇದ್ದ್ರಿ?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, "ಹೊಳಿ ಬಂದಾಗ ಎಲ್ಲೀದ್ರೀ, ಗಂಜಿ ಕೇಂದ್ರದಾಗ ಹುಟ್ಯಾನ್ರಿ ಇವ. ಸಾಲಿ ಕೋಲ್ಯಾಗ" ಅಂದರು. ಹೊರಗೆ ಮಳೆ, ಒಳಗೆ ಸೀರೆ ಅಡ್ಡ ಕಟ್ಟಿ ಹೆರಿಗೆ ಮಾಡಿಸಿದ್ದು, ಊರಿನ ಆಶಾ ಅಕ್ಕ ಬಂದದ್ದು, ಎಲ್ಲ ಹೇಳಿದರು. ಮಗು ತಕ್ಷಣ ಅಳಲಿಲ್ಲವಂತೆ. ನೀಲಿಗಟ್ಟಿತ್ತಂತೆ. ಇದನ್ನು ಈ ತನಕ ಯಾರೂ ಕೇಳಿರಲಿಲ್ಲ ಅಂದರು.

ಎಲ್ಲ ಬರೆದು ಮೇಡಂಗೆ ಕೊಟ್ಟೆ. ದಾಖಲೆಗೂ ನಿಜಕ್ಕೂ ಒಂದು ವರ್ಷ ಎರಡು ತಿಂಗಳ ವ್ಯತ್ಯಾಸ. ಹುಟ್ಟಿದಾಗ ಅಳದಿದ್ದ ಸಾಲಿಗೆ ಮೇಡಂ ತಾವೇ ಗೆರೆ ಎಳೆದರು.

ಅಕ್ಕಾ, ಒಂದು ಪ್ರಶ್ನೆ ಉಳಿದಿದೆ. ಮಾತಾಡುತ್ತಾ ಆ ತಾಯಿ ಅತ್ತರು. ನನಗೂ ಕಣ್ಣಲ್ಲಿ ನೀರು ಬಂತು. ಪೆನ್ನು ಕೆಳಗಿಟ್ಟು ಅವರ ಕೈ ಹಿಡಿದುಕೊಂಡೆ. ಹಾಗೆ ಮಾಡಬಾರದಿತ್ತಾ?

ತಿಲಕವಾಡಿ ಮಳೆ

ಮಾಡಬಹುದಿತ್ತು ತಂಗಿ. ಆಮೇಲೆ ಪೆನ್ನು ಮತ್ತೆ ಎತ್ತಿಕೊಂಡೆಯಲ್ಲ? ಆ ಆಶಾ ಅಕ್ಕನ ಫೋನ್ ನಂಬರ್ ತಾಯಿಯ ಹತ್ತಿರ ಇದ್ದರೆ ಕೇಳು. ಆ ದಿನದ ತಾರೀಖು ಅವರ ಡೈರಿಯಲ್ಲಿ ಇದ್ದರೂ ಇರಬಹುದು.